ಹತ್ತು ಸಾವಿರ ಮಿಲಿಸೆಕೆಂಡು

ಪರದೆ ಕಪ್ಪಾಯಿತು. ಫ್ಯಾನು ಮಾತ್ರ
ಮದುವೆ ಮುಗಿದರೂ ನಿಲ್ಲಿಸದ ವಾಲಗದವನ ಹಾಗೆ
ದಮ್ಮು ಕಟ್ಟಿ ಊದುತ್ತಿದೆ.
ಹೆಬ್ಬಾಳದ ಎರಡನೇ ಮಹಡಿ, ರಾತ್ರಿ ಒಂದೂವರೆ,
ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಕಾರ್ಡು.

ರಿಸೆಟ್ ಕೊಟ್ಟೆ. ರಿಜಿಸ್ಟರಿನಲ್ಲಿ ಒಂದೇ ಒಂದು ಬಿಟ್ಟು,
ಅದು ಸೊನ್ನೆಗಿಳಿದರೆ ಎದ್ದಿತೆಂದು ಲೆಕ್ಕ.
ಓದಿದೆ: ಒಂದು.
ಇನ್ನೊಂದು ರಿಸೆಟ್ ಕೊಟ್ಟು ಓದಿದೆ: ಒಂದು.
ಎರಡು ಸೆಕೆಂಡು ತುಂಬಿದ್ದೇ ತಡ
ನಾನೇ ಬರೆದಿಟ್ಟ ಸಾಲು ಲಾಗಿನಲ್ಲಿ ಬಿತ್ತು:
ಕಾರ್ಡು ಸತ್ತಿದೆ, ಕೈಬಿಟ್ಟಿದ್ದೇನೆ.

ಕೈಬಿಟ್ಟ ಮೇಲೆ, ಸುಮ್ಮನೆ, ಚಟಕ್ಕೆ,
ಮತ್ತೊಮ್ಮೆ ಇಣುಕಿದೆ.
ಸೊನ್ನೆ.
ಎದ್ದು ನಿಂತಿದೆ ಪಾಪ, ಮೈ ಕೊಡವಿಕೊಂಡು,
ಯಾರೂ ಇಲ್ಲದ ಬೀದಿಯಲ್ಲಿ.

ಆಗ ನೆನಪಾದದ್ದು ಗುಲ್ಶನ್,
ಅಬ್ಬಾನ ಟಾಂಗಾದ ಕಂದು ಕುದುರೆ.
ದೊಡ್ಡ ಗಡಿಯಾರದ ತಿರುವಿನಲ್ಲಿ, ಏಪ್ರಿಲ್ ಬಿಸಿಲಿಗೆ,
ಮುಂಗಾಲು ಮಡಿಸಿ ಕೂತೇಬಿಡುತ್ತಿತ್ತು.
ಹಿಂದೆ ಆಟೋಗಳ ಹಾರನ್ನು, ಸೀಟಿನಲ್ಲಿ ಗೊಣಗುವ ಸವಾರಿ,
"ಚಾವಟಿ ಕೊಡಯ್ಯ ಇಲ್ಲಿ" ಎನ್ನುವ ಯಾರೋ ಪುಢಾರಿ.
ಅಬ್ಬಾ ಇಳಿದು, ಪಟ್ಟಿ ಸಡಿಲಿಸಿ,
ಕಿವಿಯ ಬುಡದಲ್ಲಿ ಕೈಯಿಟ್ಟು ಎಣಿಸುತ್ತಿದ್ದ.
ಏಕ್. ದೋ. ತೀನ್.
ನಡುವೆ ಲಗಾಮು ಮುಟ್ಟುತ್ತಿರಲಿಲ್ಲ.
"ಏಳೋವಾಗ ಎಳೆದ್ರೆ ಮತ್ತೆ ಕೂತ್ಕೊಳ್ಳುತ್ತೆ ಬೇಟಿ."

ನಾನು ಎಳೆಯುತ್ತಿದ್ದೆ.
ಅರ್ಧ ಎದ್ದಿದ್ದಕ್ಕೆ ಮತ್ತೆ ರಿಸೆಟ್, ಮತ್ತೆ ರಿಸೆಟ್.

ಮೂರು ರಾತ್ರಿ ಅಳೆದೆ.
ನಾನೂರ ಹನ್ನೆರಡು ಸಲ ಬೇಕೆಂದೇ ಬೀಳಿಸಿ,
ಪ್ರತಿ ಸಲ ಒಂದೇ ರಿಸೆಟ್ ಕೊಟ್ಟು, ಕೈಕಟ್ಟಿ ಕೂತೆ.
ಬಿಸಿ ಏರಿದಷ್ಟೂ ಏಳುವುದು ತಡ;
ಎಲ್ಲಕ್ಕಿಂತ ತಡವಾದದ್ದು ಏಳೂಮುಕ್ಕಾಲು ಸೆಕೆಂಡು.

ದೇವಯ್ಯ ಕೇಳಿದರು: ಎರಡು ಸಾವಿರವಿದ್ದದ್ದು
ಹತ್ತು ಸಾವಿರ ಯಾಕೆ? ಎಂಟು ಸಾಲದೆ?
ಕುದುರೆಯ ವಿಷಯ ಬರೆಯುವುದು ಹೇಗೆ?
"ಅಳತೆಯ ಮೇಲೆ ಒಂದಿಷ್ಟು ಉಸಿರು" ಎಂದು ಬರೆದೆ.
ಅವರು ಉಸಿರು ಹೊಡೆದುಹಾಕಿ ಮಾರ್ಜಿನ್ ಎಂದು ತಿದ್ದಿ
ಒಪ್ಪಿಗೆ ಹಾಕಿದರು.

ಹತ್ತೂ ದಾಟಿತ್ತು, ಒಂದು ಮಧ್ಯಾಹ್ನ.
ಅಬ್ಬಾ ಹನ್ನೊಂದು ಎನ್ನಲಿಲ್ಲ.
ಪಟ್ಟಿಗಳನ್ನೆಲ್ಲ ಬಿಚ್ಚಿದ,
ಸವಾರಿಯ ಗಂಟುಗಳನ್ನು ಇಳಿಸಿಕೊಟ್ಟ,
ತೆಗೆದುಕೊಂಡಿದ್ದ ಬಾಡಿಗೆ ಎಣಿಸಿ ವಾಪಸು ಕೊಟ್ಟ,
ಆಮೇಲೆ ಹೋಗಿ ಅದರ ಪಕ್ಕ ಕೂತ.

ಹತ್ತರಾಚೆಗೂ ನಾಲ್ಕು ಸಾಲು ಬರೆದಿದ್ದೇನೆ.
ಸರದಿಯಲ್ಲಿ ಕಾಯುವ ಕೆಲಸಗಳನ್ನು ಒಂದೊಂದಾಗಿ ಕರೆದು,
ಆಗಲಿಲ್ಲ ಎಂದು ಹೇಳಿ,
ಹಿಡಿದಿಟ್ಟ ಜಾಗ ಬಿಡಿಸಿ ಕಳಿಸಿಕೊಡುವುದು.

ಆ ನಾಲ್ಕು ಸಾಲಿನ ಬಗ್ಗೆ ದೇವಯ್ಯ ಏನೂ ಕೇಳಲಿಲ್ಲ.