ಒಂದೂವರೆ

ಭಾನುವಾರ ಚಿಂತಾಮಣಿ ಡಿಪೋದಲ್ಲಿ ನನಗೆ ವಾರದ ರಜೆ.
ಒಂದೇ ಕುಕ್ಕರಿನಲ್ಲಿ ಆರು ದಿನವನ್ನು ಕೂಗಿಸುತ್ತೇನೆ.
ಬಸ್ಸಾರು, ಮಸ್ಸೊಪ್ಪು, ಹಿತಕಿದ ಬೇಳೆ —
ಸೋಮ, ಮಂಗಳ ಎಂದು ಹಳೇ ಟಿಕೆಟ್ಟಿನ ಬೆನ್ನಿಗೆ ಬರೆದು
ಡಬ್ಬಿಗಳಿಗೆ ಅಂಟಿಸಿ ಫ್ರೀಜರಿಗೆ ಹತ್ತಿಸುತ್ತೇನೆ.

ಸಾರು ಹೇಳಿದ ಮಾತು ಕೇಳುತ್ತದೆ,
ಕಲ್ಲಾಗಿ ಕಾಯುತ್ತದೆ.
ಮುದ್ದೆ ಕೇಳುವುದಿಲ್ಲ.
ಕೊನೇ ಟ್ರಿಪ್ಪು ಇಳಿದು ಬಂದ ಮೇಲೂ
ಎಸರಿಟ್ಟು ಹಿಟ್ಟಿನ ಕೋಲು ಹಿಡಿಯಲೇಬೇಕು.
ಊರಿಗೆಲ್ಲ ಲೆಕ್ಕ ಕೊಡುವ ಕಂಡಕ್ಟರಮ್ಮನಿಗೆ
ಒಂದು ಮುದ್ದೆಯ ಎಸರು ಇನ್ನೂ ಕೈಗೆ ಹತ್ತಿಲ್ಲ.
ಯಾವತ್ತೂ ಒಂದೂವರೆ.
ಆ ಅರ್ಧ, ವಾಪಸು ಕೊಡಲಾಗದ ಚಿಲ್ಲರೆ.

ಮೊನ್ನೆ ಟ್ರಾನ್ಸ್‌ಫಾರ್ಮರ್ ಸುಟ್ಟು
ಗುರು, ಶುಕ್ರ, ಶನಿ ಒಂದೇ ರಾತ್ರಿ ನೀರಾದವು.
ಮೇಲ್ಮನೆ ಮುನಿನಂಜಮ್ಮನ ಬಾಗಿಲು ತಟ್ಟಿ
‘ಮೂರು ದಿನ ಇದೆ, ಬನ್ನಿ’ ಅಂದೆ.
ಅವರೂ ತಮ್ಮ ಒಂದೂವರೆ ತಂದರು.

ಕೂಡಿದರೆ ಮೂರು.
ಇಬ್ಬರೂ ಉಂಡು, ಮತ್ತೆ ಒಂದು ಉಳಿಯಿತು.