ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು

ನಾನು ಬೇಟೆಯಾಡುವವಳಲ್ಲ. ಮೊಳೆ, ತಿರುಪು, ನಲ್ಲಿಯ ವಾಷರು ಮಾರುವವಳು.
ವಿಸ್ಕಾನ್ಸಿನ್ನಿನ ಬಡಗಣ ಅಂಚಿನಲ್ಲಿ, ಕೆರೆಗಳು ಕೆನೆಗಟ್ಟುವ ಹೊತ್ತಿಗೆ,
ಅಂಗಡಿಯ ಮೂಲೆಯ ಕಂಪ್ಯೂಟರಿನಿಂದ
ಸರ್ಕಾರದ ಪರವಾಗಿ ಜಿಂಕೆಗಳನ್ನೂ ಮಾರುತ್ತೇನೆ.
ಜಿಂಕೆಯನ್ನಲ್ಲ, ಸಿಕ್ಕರೂ ಸಿಗಬಹುದು ಎಂಬುದನ್ನು,
ಕಾಗದದ ಮೇಲೆ, ರಸೀದಿ ಸಮೇತ.

ಒಂಬತ್ತು ದಿನ. ಅಷ್ಟೇ.
ಉಳಿದ ಮುನ್ನೂರೈವತ್ತಾರು
ಆ ಒಂಬತ್ತರ ಸುತ್ತ ಹಾಕಿದ ಬೇಲಿ.
ಆ ವಾರ ಇಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ.
ಹಲ್ಲಿನ ಡಾಕ್ಟರು ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಾನೆ.
ಪಾದ್ರಿಯ ನಿಲುವಂಗಿಯ ಕೆಳಗೆ ಬೂಟು ಕಾಣುತ್ತದೆ.
ಇಂಗಾ ಥೋರ್ಸ್‌ಗಾರ್ಡ್ ಬೆರಳು ಮಡಚಿ ತಿಂಗಳೆಣಿಸಿ
ಫೆಬ್ರವರಿಯಲ್ಲೇ ಗಂಡನನ್ನು ದೂರ ಇಟ್ಟಳಂತೆ;
ಆದರೂ ಮಗು ಮೊದಲ ಶನಿವಾರವೇ ಹುಟ್ಟಿತು.
ಅದು ನಿಯಮ ಓದಿರಲಿಲ್ಲ.

ನಾನು ಓದಿದ್ದೇನೆ.
ಹೆಣ್ಣಿಗೆ ಬೇರೆ ಚೀಟಿ, ಕೊಂಬಿದ್ದದ್ದಕ್ಕೆ ಬೇರೆ.
ಸರ್ಕಾರದ ಕಾಡೋ, ಸ್ವಂತ ನೆಲವೋ,
ಯಾವ ರಸ್ತೆಗೆ ಯಾವ ಕೌಂಟಿ ಮುಗಿಯುತ್ತದೆ,
ಮೈಮೇಲೆ ಕಿತ್ತಳೆ ಬಣ್ಣ ಎಷ್ಟಿರಬೇಕು.
ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಗುಂಡು ಹಾರಿಸಿದರೆ ಬೇಟೆಗಾರ,
ಮೂವತ್ತೊಂದು ನಿಮಿಷ ಮೊದಲು ಹಾರಿಸಿದರೆ ಕಳ್ಳ.

ಶುಕ್ರವಾರ ಮುಚ್ಚುವ ಹೊತ್ತಿಗೆ ಹಾಲ್ವರ್ ಕ್ವಾಮ್ ಬಂದ.
ಜೊತೆಗೆ ಮೊಮ್ಮಗಳು ಸಿಗ್ನಿ, ಹತ್ತು ವರ್ಷ,
ಅಣ್ಣನ ಕೋಟಿನೊಳಗೆ ಕೈಗಳೇ ಇಲ್ಲದವಳ ಹಾಗೆ.
ಕಂಪ್ಯೂಟರು ಪ್ರತಿ ವರ್ಷ ಕೇಳುವುದನ್ನೇ ಕೇಳಿದೆ. ಎತ್ತರ?
ಇಪ್ಪತ್ತು ವರ್ಷ ಐದು ಅಡಿ ಹನ್ನೊಂದು ಇಂಚು ಇದ್ದವನು
'ಐದು ಎಂಟು ಬರ್ಕೋ, ಡ್ಯಾಗ್ನಿ,
ಸುಳ್ಳು ಹೊತ್ತು ನಡೆಯೋಕೆ ಬೆನ್ನು ಒಪ್ಪಲ್ಲ' ಅಂದ.
ಕಣ್ಣು?
'ನೀಲಿ.'
ತಲೆ ಎತ್ತಿ ನೋಡಿದೆ. ಎರಡರಲ್ಲೂ
ಹಾಲು ಚೆಲ್ಲಿ ಒರೆಸಲು ಮರೆತಂತೆ.

ಹುಡುಗಿಗೆ ಇನ್ನೂ ತರಬೇತಿ ಆಗಿಲ್ಲ. ದೊಡ್ಡವರೊಬ್ಬರು
ಕೈಗೆಟಕುವಷ್ಟು ದೂರದಲ್ಲೇ ಇರಬೇಕು,
ಅವರ ಹತ್ತಿರ ಲೈಸೆನ್ಸ್ ಇರಬೇಕು.
ಕೈ ಎಷ್ಟು ನಡುಗುತ್ತದೆಂದು ನಿಯಮ ಕೇಳುವುದಿಲ್ಲ,
ಕಣ್ಣಿನ ಬಣ್ಣ ಕೇಳುತ್ತದೆ, ಕಾಣುತ್ತದಾ ಎಂದು ಕೇಳುವುದಿಲ್ಲ.
ನನ್ನ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು.

ಅವನಿಗೆ ಅದೂ ಕೇಳಿಸಿತೇನೋ.
ಜೇಬು ತಟ್ಟಿದ. ಲೋಹದ ಸದ್ದು.
'ಬಂದೂಕು ಅವಳದು. ಗುಂಡು ಮೂರೇ, ಮೂರೂ ಇಲ್ಲಿ.
ಬಂತು ಅಂತ ಅವಳು ಹೇಳ್ಬೇಕು, ಆಮೇಲೆ ಕೊಡ್ತೀನಿ.
ಮೊದಲು ಕಾಯೋದು ಕಲೀಲಿ.'
ಪ್ರಿಂಟರು ಕರಕರ ಎಂದಿತು. ನಾನೇ ಒತ್ತಿದ್ದೆ.

ಶನಿವಾರ ಬೀದಿ ಖಾಲಿ.
ಚಹಾದ ಲೋಟ ಹಿಡಿದು ಗಡಿಯಾರ ನೋಡುತ್ತಾ ಕೂತೆ.
ಮೊದಲ ಗುಂಡು ಎರಡು ನಿಮಿಷ ತಡವಾಗಿ,
ಜೌಗಿನಾಚೆ. ಕಾನೂನಿನೊಳಗೇ.
ಯಾರದೆಂದು ತಿಳಿಯಲಿಲ್ಲ. ಆಮೇಲೆ ಬೇಕಾದಷ್ಟು ಬಂದವು.

ಸೋಮವಾರ ಶಾಲೆ ಬಿಟ್ಟ ಮೇಲೆ ಸಿಗ್ನಿ ಬಂದಳು, ಒಬ್ಬಳೇ.
ಅಜ್ಜ ಹೊರಗೆ ಪಿಕಪ್‌ನಲ್ಲಿ, ಮುಖ ಬಿಸಿಲಿದ್ದ ಕಡೆಗೆ.
ಉಣ್ಣೆಯ ಕಾಲುಚೀಲ ಬೇಕಂತೆ, ದೊಡ್ಡವರದು.
ಸಿಕ್ಕಿತಾ ಎಂದೆ.
ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ:
'ಒಂದು ಬಂದಿತ್ತು. ಇಲ್ಲಿಂದ ಆ ಬಣ್ಣದ ಡಬ್ಬಿಗಳಷ್ಟು ಹತ್ತಿರ.
ಉಸಿರು ಬಿಟ್ಟಿದ್ದು ಕಾಣ್ತಿತ್ತು.
ಏನದು ಅಂತ ಅಜ್ಜ ಕೇಳಿದ.
ಗಾಳಿ ಅಂದೆ.'

ಕೊಂದದ್ದನ್ನು ಮರುದಿನ ಐದು ಗಂಟೆಯೊಳಗೆ ದಾಖಲಿಸಬೇಕು.
ಇದಕ್ಕೆ ಯಾವ ಕಾಲಮ್ಮೂ ಇಲ್ಲ.
ಚಿಲ್ಲರೆ ಎಣಿಸಿ ಕೊಟ್ಟೆ.
'ಇನ್ನೂ ಆರು ದಿನ ಇದೆ ಅಲ್ವಾ?'
ಇದೆ, ಅಂದೆ, ಆರು.

ಗಾಜಿನಾಚೆ ಹಾಲ್ವರ್ ಜೇಬಿನಲ್ಲಿ ಕೈಯಿಟ್ಟು
ಏನನ್ನೋ ಉರುಳಿಸುತ್ತಿದ್ದ, ನಿಧಾನಕ್ಕೆ,
ನಗು ತಡೆದವನ ಹಾಗೆ ತುಟಿ ಬಿಗಿಹಿಡಿದು.
ಆ ದಿನ ಒಂದೆಲೆಯೂ ಅಲುಗಿರಲಿಲ್ಲ. ನನಗೂ ನೆನಪಿದೆ.