ಎರಡನೆಯ ಕಾರ್ಡು

ಮೊಹಾಚ್ ಪಟ್ಟಣದಲ್ಲಿ ಚಳಿಗಾಲವನ್ನು ಹೆದರಿಸಿ ಓಡಿಸುವ ದಿನ
ಮುಖವಾಡಕ್ಕೆ ಯಾರ ಅಪ್ಪಣೆಯೂ ಬೇಡ.
ವಿಲೋ ಮರ ಕೆತ್ತಿ, ರಕ್ತ ಬಳಿದು, ಟಗರಿನ ಕೊಂಬು ಕೂರಿಸಿ
ದೋಣಿಯಲ್ಲಿ ಡ್ಯಾನ್ಯೂಬ್ ದಾಟಿ ಬರುವ ಬುಶೋಗಳನ್ನು
ಎಷ್ಟು ಬೇಕಾದರೂ ಕ್ಲಿಕ್ಕಿಸು;
ಅವರೇ ಬಂದು ಗಂಟೆ ಕುಲುಕಿ
ಲೆನ್ಸಿಗೆ ಮೂಗು ಉಜ್ಜಿ ಹೋಗುತ್ತಾರೆ.

ತೊಡಕೆಲ್ಲ ಬರಿಮುಖದ್ದು.

ನಮ್ಮ ಪತ್ರಿಕೆಯ ಲೋರಾಂದ್ ಹೇಳುತ್ತಾನೆ:
ಗುಂಪಾದರೆ ಕೇಳಬೇಕಿಲ್ಲ, ಒಬ್ಬರಾದರೆ ಕೇಳು.
ಎಷ್ಟು ಮಂದಿಗೆ ಗುಂಪು, ಎಂದೆ.
ಬೆರಳು ಮಡಚುತ್ತ ಮಡಚುತ್ತ ಏಳಕ್ಕೆ ನಿಂತ,
ಕಾಫಿ ಕುಡಿದ,
"ಕಣ್ಣಿಗೆ ಕಣ್ಣು ಸಿಕ್ಕರೆ ಅದು ಗುಂಪಲ್ಲ" ಅಂದ.
ಕಾನೂನಿನ ಪುಸ್ತಕದಲ್ಲಿ ಇದಿಲ್ಲ. ಇರಬೇಕಿತ್ತು.

ಮಂಗಳವಾರ ಸಂಜೆ, ಚೌಕದಲ್ಲಿ
ಚಳಿಗಾಲದ ಶವಪೆಟ್ಟಿಗೆಗೆ ಬೆಂಕಿ ಇಟ್ಟಾಗ
ಅಷ್ಟು ಸಾವಿರ ಜನ, ಎಲ್ಲರದೂ ಒಂದೇ ಕಿತ್ತಳೆ ಬಣ್ಣ.
ಒಬ್ಬ ಬುಶೋ ಮುಖವಾಡವನ್ನು ಹಣೆಗೇರಿಸಿದ.
ಮುಚ್ಚಳ ತೆಗೆದ ಪಾತ್ರೆಯಂತೆ
ತಲೆಯಿಂದ ಹಬೆ ಏಳುತ್ತಿತ್ತು.
ಪಕ್ಕದ ಹೆಂಗಸು ಶಾಲಿನ ತುದಿಯಲ್ಲಿ
ಅವನ ಕಿವಿಯ ಹಿಂದೆ ಒರೆಸಿದಳು.
ಕಿವಿಯ ಹಿಂದೆ. ಅಲ್ಲಿಗೆ ಕೈ ಹೋಗಬೇಕಾದರೆ
ಎಷ್ಟು ವರ್ಷದ ಸಲಿಗೆ ಬೇಕು!
ಒತ್ತಿದೆ.

ಅವಳು ತಿರುಗಿದಳು. ಕಣ್ಣಿಗೆ ಕಣ್ಣು.

ನೇರ ಬಂದಳು, ಬೂದಿ ತುಳಿದು.
ಅಳಿಸಿ.
ಇಪ್ಪತ್ತಾರು ವರ್ಷ ಸವೆಸಿದ ಮಾತು ಶುರುಮಾಡಿದೆ:
ಇದು ಬೀದಿ, ಇದು ಹಬ್ಬ, ನಾಳೆಗೆ ಇದೇ ಚರಿತ್ರೆ...
"ನನ್ನ ಮುಖ ಬೀದಿಯಲ್ಲ" ಅಂದಳು.
ಅವಳೆದುರೇ ಅಳಿಸಿದೆ.
ಪರದೆ ಕಪ್ಪಾಗುವವರೆಗೂ ನೋಡಿ ಹೋದಳು.

ಅವಳಿಗೆ ಗೊತ್ತಿರಲಿಲ್ಲ:
ನನ್ನ ಕ್ಯಾಮೆರಾ ಪ್ರತಿ ಚಿತ್ರವನ್ನೂ
ಎರಡು ಕಾರ್ಡಿಗೆ ಬರೆಯುತ್ತದೆ.
ನನಗೆ ಗೊತ್ತಿತ್ತು.

ಅಚ್ಚಿಗೆ ಕೊಡಲಿಲ್ಲ, ಯಾರಿಗೂ ತೋರಿಸಲಿಲ್ಲ
ಎಂದು ನನಗೆ ನಾನೇ ಪ್ರಮಾಣಪತ್ರ ಬರೆದುಕೊಂಡೆ.
ಆದರೂ ರಾತ್ರಿ ಕೆಲವೊಮ್ಮೆ ತೆಗೆದು ನೋಡಿದ್ದುಂಟು,
ಬೇರೆಯವರ ಕಿಟಕಿಯ ಬೆಳಕಿನಲ್ಲಿ ನಿಂತು
ಮೈ ಕಾಯಿಸಿಕೊಂಡ ಹಾಗೆ.

ಈ ಜನವರಿಯಲ್ಲಿ ಕಚೇರಿಗೆ ಬಂದಳು. ಹೆಸರು ರೂಜಾ.
ಕರಿಯ ಕೋಟು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.
ಸ್ತಿಪಾನ್ ನವೆಂಬರಿನಲ್ಲಿ ಹೋದ, ಎಂದಳು.
ಮನೆಯ ಚಿತ್ರಗಳಲ್ಲೆಲ್ಲ ಕ್ಯಾಮೆರಾ ನೋಡಿ ನಗುತ್ತಾನೆ;
ಅವನು ಹಾಗಿರಲೇ ಇಲ್ಲ.
ಆಮೇಲೆ, ನೆಲ ನೋಡುತ್ತ:
"ಅಳಿಸಿ ಎಂದವಳು ನಾನೇ.
ನೀವು ಮಾತಿಗೆ ತಪ್ಪುವವರಾಗಿದ್ದರೆ
ಒಳ್ಳೆಯದಿತ್ತು."

ಮಾತಿಗೆ ತಪ್ಪಿದವನು
ಅಂಥ ಹೊತ್ತಿನಲ್ಲಿ ಹೇಗೆ ಎದ್ದು ನಿಲ್ಲಬೇಕು,
ಯಾರೂ ಕಲಿಸಿಲ್ಲ.
ಡ್ರಾಯರಿನ ಬೀಗಕ್ಕೆ ಕೀಲಿ ಎರಡು ಸಲ ಜಾರಿತು.

ಅಂಗೈಯಗಲದ ಪ್ರತಿ. ಅವಳು ಬೈಯಲಿಲ್ಲ.
ಉಪಕಾರವಾಯಿತು ಅನ್ನಲೂ ಇಲ್ಲ.
ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದಳು,
ಆಮೇಲೆ ತನ್ನ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ
ಇನ್ನೊಮ್ಮೆ ನೋಡಿದಳು:
ಅವನು, ಹಬೆ, ಕಿವಿಯ ಹಿಂದೆ ಒಂದು ಕೈ.

"ಬೇರೆ ಎಲ್ಲಾದರೂ ಇದೆಯೇ?"

ಕಾರ್ಡನ್ನು ಅವಳ ಮುಂದಿಟ್ಟು ಇಲ್ಲ ಎಂದೆ.
ಈ ಸಲ ನಿಜ.
ನಂಬಲು ಅವಳಿಗೆ ಕಾರಣವೇನೂ ಇರಲಿಲ್ಲ.